ಮಾಲ್ಟಾದಲ್ಲಿ ಒಂದು ವಾರ: ಯಾವ ತಿಂಗಳು, ಯಾವ ಊರು, ಬಸ್ಸೋ ಕಾರೋ?

ಮಾಲ್ಟಾ ಅಂದರೆ ಇಡೀ ದೇಶ ಸೇರಿ 316 ಚದರ ಕಿಲೋಮೀಟರ್. ಬೆಂಗಳೂರು ನಗರದ ಅರ್ಧವೂ ಇಲ್ಲ. ಇಟಲಿಯ ಸಿಸಿಲಿ ದ್ವೀಪದ ದಕ್ಷಿಣಕ್ಕೆ ಸುಮಾರು 93 ಕಿ.ಮೀ. ದೂರದಲ್ಲಿ, ಮೆಡಿಟರೇನಿಯನ್ ಸಮುದ್ರದ ನಡುವೆ ಇರುವ ದ್ವೀಪಗಳಿವು. ಜನ ವಾಸ ಮಾಡುವುದು ಮುಖ್ಯವಾಗಿ ಮಾಲ್ಟಾ ಮತ್ತು ಗೋಜೋದಲ್ಲಿ. ನಡುವಿನ ಕೊಮಿನೊದಲ್ಲಿ ಬೆರಳೆಣಿಕೆಯ ಜನ ಅಷ್ಟೆ. ನಕ್ಷೆ ನೋಡಿದವರೆಲ್ಲ ಒಂದೇ ಮಾತು ಹೇಳುತ್ತಾರೆ: "ಇಷ್ಟು ಚಿಕ್ಕ ಜಾಗ, ಎಲ್ಲಿ ರೂಮ್ ಮಾಡಿದರೇನು?"

ಆ ಮಾತು ನಂಬಬೇಡಿ. ಮುಖ್ಯ ದ್ವೀಪದ ಉದ್ದ 27 ಕಿ.ಮೀ. ಮಾತ್ರ. ಆದರೆ ಉತ್ತರದ ತುದಿಯಿಂದ ದಕ್ಷಿಣದ ಮೀನುಗಾರರ ಊರಿಗೆ ಬಸ್ಸಲ್ಲಿ ಹೋಗಲು ಒಂದೂವರೆ, ಎರಡು ಗಂಟೆ ಹಿಡಿಯಬಹುದು. ಐದು ಲಕ್ಷಕ್ಕೂ ಜಾಸ್ತಿ ಜನ, ಮನೆಮನೆಗೆ ಕಾರು, ಅಗಲವಿಲ್ಲದ ರಸ್ತೆ. ಅಲ್ಲಿ ದೂರ ಅಳೆಯಬೇಕಾದ್ದು ಕಿಲೋಮೀಟರಲ್ಲಿ ಅಲ್ಲ, ನಿಮಿಷದಲ್ಲಿ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಉಳಿಯುವ ಊರು ತಪ್ಪಿದರೆ ರಜೆಯ ಅರ್ಧ ಬಸ್ ಸ್ಟಾಪಲ್ಲೇ ಕಳೆಯುತ್ತದೆ. ಆರು, ಏಳು ರಾತ್ರಿ ಇಟ್ಟುಕೊಂಡು ಹೋಗುವವರನ್ನು ಮನಸ್ಸಲ್ಲಿಟ್ಟುಕೊಂಡು ಈ ಹೋಲಿಕೆ ಬರೆದಿದ್ದೇನೆ.

ಮೊದಲು ತಿಂಗಳು

ಹೋಟೆಲ್ ನೋಡುವ ಮುಂಚೆ ತಿಂಗಳು ತೀರ್ಮಾನ ಮಾಡಿ. ಇಲ್ಲಿ ನಿಜವಾದ ಪೈಪೋಟಿ ವಸಂತಕ್ಕೂ ಶರತ್ತಿಗೂ. ಬೇಸಿಗೆಯನ್ನು ನಾನು ಮೊದಲೇ ಪಕ್ಕಕ್ಕೆ ಇಟ್ಟುಬಿಡುತ್ತೇನೆ.

ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಸರಾಸರಿ ಬಿಸಿಲು 31, 32 ಡಿಗ್ರಿ. ಕೆಲವು ದಿನ 40ರ ಹತ್ತಿರ ಹೋಗುತ್ತದೆ. ರಾಯಚೂರು, ಕಲಬುರಗಿಯವರು "ಅಷ್ಟೇನಾ?" ಅಂತ ನಗಬಹುದು. ಆದರೆ ಇಲ್ಲಿ ಮರ ಬಹಳ ಕಡಿಮೆ. ಕಟ್ಟಡ, ಕೋಟೆ, ನೆಲ ಎಲ್ಲ ಒಂದೇ ಹಳದಿ ಸುಣ್ಣಕಲ್ಲು. ಬಿಸಿಲು ಮೇಲಿನಿಂದಲೂ ಬರುತ್ತದೆ, ಗೋಡೆಯಿಂದಲೂ ಬರುತ್ತದೆ. ಹೋಟೆಲ್ ಬಾಡಿಗೆ ವರ್ಷದಲ್ಲೇ ಜಾಸ್ತಿ, ಸಮುದ್ರ ತೀರದಲ್ಲಿ ಟವೆಲ್ ಹಾಸಲೂ ಜಾಗ ಇರುವುದಿಲ್ಲ. ಬೇಸಿಗೆಯ ಪರವಾಗಿ ಒಂದೇ ಮಾತು ಹೇಳಬಹುದು: ಫೆಸ್ತಾ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ವಾರಾಂತ್ಯ ಯಾವುದಾದರೂ ಊರಿನ ಚರ್ಚಿನ ಹಬ್ಬ ಇದ್ದೇ ಇರುತ್ತದೆ. ಬ್ಯಾಂಡು, ಬೀದಿಗೆ ದೀಪ, ಹೆಗಲ ಮೇಲೆ ಸಂತನ ಮೂರ್ತಿಯ ಮೆರವಣಿಗೆ, ಬೆಳಿಗ್ಗೆಯಿಂದಲೇ ಕಿವಿಗಡಚಿಕ್ಕುವ ಸಿಡಿಮದ್ದು. ನಮ್ಮ ಊರಿನ ಜಾತ್ರೆ ನೋಡಿ ಬೆಳೆದವರಿಗೆ ಇದು ತಕ್ಷಣ ಹಿಡಿಸುತ್ತದೆ. ಆಗಸ್ಟ್ 15, ಸಾಂತಾ ಮರಿಯಾ, ಎಲ್ಲಕ್ಕಿಂತ ದೊಡ್ಡದು. ಆ ವಾರ ಮಾಲ್ಟಾದವರೇ ರಜೆ ಹಾಕಿ ಗೋಜೋಗೆ ಹೋಗುತ್ತಾರೆ, ಕಾರು ತೆಗೆದುಕೊಂಡು ಫೆರಿ ಹತ್ತುವವರ ಸಾಲು ಉದ್ದೋ ಉದ್ದ.

ಇನ್ನು ವಸಂತ ಮತ್ತು ಶರತ್ತು. ಏಪ್ರಿಲ್, ಮೇ ತಿಂಗಳಲ್ಲಿ ನೆಲ ಹಸಿರು. ಗುಡ್ಡದ ತುಂಬ ಕಾಡುಹೂವು. ನಡೆಯೋದಕ್ಕೆ ಹೇಳಿ ಮಾಡಿಸಿದ ಹವೆ. ಆದರೆ ಸಮುದ್ರ ಇನ್ನೂ ತಣ್ಣಗಿರುತ್ತದೆ, ಏಪ್ರಿಲ್‌ನಲ್ಲಿ 16 ಡಿಗ್ರಿಯ ಆಸುಪಾಸು, ಮೇ ಕೊನೆಗೂ 20 ಮುಟ್ಟಿದರೆ ಹೆಚ್ಚು. ಕಾಲು ಇಳಿಬಿಟ್ಟು ಕೂರಬಹುದು, ಅಷ್ಟೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಇದು ಪೂರ್ತಿ ಉಲ್ಟಾ. ಬೇಸಿಗೆಯ ನಂತರ ನೆಲ ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಫೋಟೋಗೆ ಅಷ್ಟು ಚಂದ ಅಲ್ಲ. ಆದರೆ ನೀರು 23ರಿಂದ 25 ಡಿಗ್ರಿ, ನಾವು ನೀರಿಗೆ ಇಳಿಯಬಹುದಾದಷ್ಟು ಬೆಚ್ಚಗೆ. ನಡುನಡುವೆ ಒಂದೆರಡು ಜೋರು ಮಳೆ ಬಂದು ರಸ್ತೆಯಲ್ಲೇ ಹೊಳೆ ಹರಿಯುತ್ತದೆ. ಮರುದಿನ ಮತ್ತೆ ಬಿಸಿಲು.

ಹಾಗಾದರೆ ಹೀಗೆ ಆರಿಸಿ: ಕೋಟೆ, ದೇವಾಲಯ, ನಡಿಗೆ ಮುಖ್ಯವಾದರೆ ಏಪ್ರಿಲ್ ಮಧ್ಯದಿಂದ ಮೇ. ಮಕ್ಕಳು ನೀರಾಟಕ್ಕೆ ಕುಣಿಯುತ್ತಿದ್ದರೆ ಅಕ್ಟೋಬರ್. ನಮ್ಮ ದಸರಾ ರಜೆ ಅದೇ ಹೊತ್ತಿಗೆ ಬೀಳುವುದು ಒಂದು ಅದೃಷ್ಟ.

ಚಳಿಗಾಲದ ಬಗ್ಗೆ ಎರಡೇ ಮಾತು. ಜನವರಿಯಲ್ಲೂ ಹಗಲು 15, 16 ಡಿಗ್ರಿ ಇರುತ್ತದೆ, ರೂಮ್ ಅಗ್ಗ, ಎಲ್ಲೂ ಕ್ಯೂ ಇಲ್ಲ. ಆದರೆ ಹಳೇ ಕಲ್ಲಿನ ಮನೆಗಳಲ್ಲಿ ಹೀಟಿಂಗ್ ವ್ಯವಸ್ಥೆ ಅಷ್ಟಕ್ಕಷ್ಟೆ. ಹೊರಗಿಗಿಂತ ಒಳಗೇ ಚಳಿ, ಹಾಸಿಗೆ ತಂಡಿ ಹಿಡಿದ ಹಾಗೆ ಇರುತ್ತದೆ. ಗಾಳಿ ಜೋರಾದರೆ ಗೋಜೋ ಫೆರಿ ನಿಂತೇ ಹೋಗಬಹುದು. ವಯಸ್ಸಾದ ಅಪ್ಪ ಅಮ್ಮನ ಜೊತೆಗಂತೂ ಆ ತಿಂಗಳು ಬೇಡ.

ಎಲ್ಲಿ ಉಳಿಯೋದು

ಬುಕಿಂಗ್ ಆ್ಯಪ್ ತೆರೆದ ಕೂಡಲೇ ಸ್ಲೀಮಾ, ಸೇಂಟ್ ಜೂಲಿಯನ್ಸ್ ಅಂತ ನೂರಾರು ಹೋಟೆಲ್ ಬರುತ್ತವೆ. ಮೊದಲ ಸಲ ಹೋಗುವವರಲ್ಲಿ ಹೆಚ್ಚಿನವರು ಅಲ್ಲೇ ಉಳಿಯುತ್ತಾರೆ. ಅದಕ್ಕೆ ಕಾರಣವೂ ಇದೆ. ಸಮುದ್ರದ ಪಕ್ಕದಲ್ಲೇ ಕಿಲೋಮೀಟರ್‌ಗಟ್ಟಲೆ ಅಗಲವಾದ ಕಾಲುದಾರಿ. ಸಂಜೆ ಆದರೆ ಇಡೀ ಊರು ಅಲ್ಲಿ ವಾಕಿಂಗ್ ಹೊರಡುತ್ತದೆ. ಸೂಪರ್ ಮಾರ್ಕೆಟ್, ಅಂಗಡಿ, ಭಾರತೀಯ ಊಟ, ಎಲ್ಲ ಕಾಲಳತೆಯಲ್ಲಿ. ರಾಜಧಾನಿ ವಲೆಟ್ಟಾಗೆ ಹತ್ತು ನಿಮಿಷದ ದೋಣಿ.

ಆದರೆ ಹೋಟೆಲ್ ಫೋಟೋದಲ್ಲಿ ಕಾಣದ ಸಂಗತಿಯೂ ಇದೆ. ಸ್ಲೀಮಾ ತೀರದಲ್ಲಿ ಮರಳು ಇಲ್ಲ, ಚಪ್ಪಟೆ ಬಂಡೆ. ಈಜು ಬಲ್ಲವರು ಏಣಿ ಹಿಡಿದು ನೀರಿಗೆ ಇಳಿಯುತ್ತಾರೆ, ಬಾರದವರು ನೋಡುತ್ತಾ ಕೂರಬೇಕು. ಹಳೇ ಮನೆ ಕೆಡವಿ ಎತ್ತರದ ಕಟ್ಟಡ ಕಟ್ಟುವುದು ಎಲ್ಲೆಲ್ಲೂ ನಡೆದಿದೆ. ಕ್ರೇನು, ಡ್ರಿಲ್ಲು, ಧೂಳು. ಸೇಂಟ್ ಜೂಲಿಯನ್ಸ್‌ನ ಪಚೆವಿಲ್ ಭಾಗ ಪೂರ್ತಿ ನೈಟ್ ಕ್ಲಬ್‌ಗಳದ್ದು. ಗೆಳೆಯರ ಗುಂಪಿಗೆ ಅದು ಸ್ವರ್ಗ ಇರಬಹುದು, ಮಗು ಮಲಗಿಸಬೇಕಾದವರಿಗೆ ಅಲ್ಲ. ಇಲ್ಲಿ ಉಳಿಯುವುದೇ ಆದರೆ ಫೆರಿ ಕಟ್ಟೆಯ ಹತ್ತಿರ, ಹಿಂದಿನ ಬೀದಿಯಲ್ಲಿ ರೂಮ್ ನೋಡಿ.

ವಲೆಟ್ಟಾ ಬೇರೆಯೇ ಲೋಕ. 1565ರಲ್ಲಿ ಆಟೊಮನ್ ಸೈನ್ಯದ ಮುತ್ತಿಗೆಯನ್ನು ತಡೆದುಕೊಂಡ ಮೇಲೆ, ಮರುವರ್ಷವೇ ಸೇಂಟ್ ಜಾನ್ ಪಂಗಡದ ಯೋಧರು ಅಡಿಪಾಯ ಹಾಕಿ ಕಟ್ಟಿಸಿದ ಊರು. ಅವರ ಮುಖ್ಯಸ್ಥ ಜಾನ್ ದ ವಲೆಟ್‌ನ ಹೆಸರೇ ಊರಿಗೆ ಬಂತು. ಬೀದಿಗಳೆಲ್ಲ ಗೆರೆ ಎಳೆದ ಹಾಗೆ ನೇರ. ಯಾವ ಬೀದಿಯ ತುದಿಗೆ ಹೋದರೂ ಸಮುದ್ರ ಕಾಣುತ್ತದೆ. ಬಣ್ಣಬಣ್ಣದ ಮರದ ಮುಚ್ಚು ಬಾಲ್ಕನಿಗಳು ಗೋಡೆಯಿಂದ ಹೊರಚಾಚಿರುತ್ತವೆ. ಸೇಂಟ್ ಜಾನ್ ಕೋ-ಕ್ಯಾಥೆಡ್ರಲ್ ಹೊರಗಿಂದ ಸಾದಾ, ಒಳಗೆ ಹೋದರೆ ಗೋಡೆ ತುಂಬ ಚಿನ್ನದ ಲೇಪ. ಕಾಲಡಿಯಲ್ಲಿ ಸತ್ತ ಯೋಧರ ಅಮೃತಶಿಲೆಯ ಸಮಾಧಿಗಳು. ಅದಕ್ಕೇ ಚೂಪು ಹೀಲ್ ಹಾಕಿಕೊಂಡು ಬಂದವರನ್ನು ಹಾಗೇ ಬಿಡುವುದಿಲ್ಲ. ಕಾರಾವಾಜಿಯೊ 1608ರಲ್ಲಿ ಬರೆದ ಸಂತ ಜಾನ್‌ನ ಶಿರಚ್ಛೇದದ ಚಿತ್ರ ಇಲ್ಲೇ ಇದೆ. ಆತ ತನ್ನ ಹೆಸರು ಹಾಕಿದ ಒಂದೇ ಚಿತ್ರ ಅದು. ಹೆಸರು ಬರೆದಿರುವುದು ನೆಲದ ಮೇಲೆ ಹರಿದ ರಕ್ತದಲ್ಲಿ. ಹತ್ತಿರ ನಿಂತು ಹುಡುಕಿ, ಸಿಗುತ್ತದೆ.

ದೇಶದ ಬಸ್ಸುಗಳಲ್ಲಿ ಬಹುಪಾಲು ವಲೆಟ್ಟಾದ ಕೋಟೆ ಬಾಗಿಲ ಹೊರಗಿನಿಂದಲೇ ಹೊರಡುತ್ತವೆ. ಬಸ್ ನಂಬಿ ಓಡಾಡುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ತೊಂದರೆ ಎರಡು. ಬಾಡಿಗೆ ಜಾಸ್ತಿ. ಇನ್ನೊಂದು, ಮೆಟ್ಟಿಲು. ಊರು ಇರುವುದೇ ಗುಡ್ಡದ ಬೆನ್ನಿನ ಮೇಲೆ. ಅಡ್ಡಬೀದಿಗಳು ಎರಡೂ ಕಡೆ ಕಡಿದಾಗಿ ಇಳಿಯುತ್ತವೆ, ಕೆಲವಂತೂ ಪೂರ್ತಿ ಮೆಟ್ಟಿಲೇ. ಹಳೇ ಮನೆಯನ್ನೇ ಗೆಸ್ಟ್ ಹೌಸ್ ಮಾಡಿದ ಕಡೆ ಲಿಫ್ಟ್ ಇಲ್ಲದಿರಬಹುದು. ಮಂಡಿ ನೋವಿನವರು ಜೊತೆಗಿದ್ದರೆ "ಲಿಫ್ಟ್ ಇದೆಯಾ, ರೂಮ್ ಎಷ್ಟನೇ ಮಹಡಿ" ಅಂತ ಬರೆದು ಕೇಳಿ, ಉತ್ತರ ಬಂದ ಮೇಲೇ ದುಡ್ಡು ಕಟ್ಟಿ.

ನನಗೆ ಇವೆರಡಕ್ಕಿಂತ ಇಷ್ಟ ಎದುರು ದಡದ ಮೂರು ಊರುಗಳು: ಬಿರ್ಗು, ಸೆಂಗ್ಲೆಯಾ, ಬೊರ್ಮ್ಲಾ. ವಲೆಟ್ಟಾ ಹುಟ್ಟುವ ಮೊದಲು ಯೋಧರು ಇದ್ದದ್ದು ಬಿರ್ಗುವಿನಲ್ಲಿ. 1565ರ ಯುದ್ಧ ನಡೆದದ್ದೂ ಇಲ್ಲೇ ಸುತ್ತಮುತ್ತ. ಸೇಂಟ್ ಏಂಜೆಲೊ ಕೋಟೆ ನೀರಿನ ಮೇಲೆ ಹಡಗಿನ ಮೂತಿಯಂತೆ ಚಾಚಿಕೊಂಡಿದೆ. ಸೆಂಗ್ಲೆಯಾದ ತುದಿಯಲ್ಲೊಂದು ಕಾವಲು ಗೂಡು, ಅದರ ಮೇಲೆ ಕಲ್ಲಲ್ಲಿ ಕೆತ್ತಿದ ಕಣ್ಣು, ಕಿವಿ. ಬಂದರನ್ನು ನೋಡುತ್ತಾ, ಕೇಳುತ್ತಾ ಇದ್ದೇವೆ ಅಂತ ಎಚ್ಚರಿಕೆ. ಓಣಿಗಳಲ್ಲಿ ಇಂದಿಗೂ ಸ್ಥಳೀಯರೇ ಜಾಸ್ತಿ. ಸಂಜೆ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು ಮಾತಾಡುವ ಅಜ್ಜಿಯರು ಸಿಗುತ್ತಾರೆ. ವಲೆಟ್ಟಾಗೆ ಹೋಗಬೇಕೆಂದರೆ ಕೆಲವೇ ನಿಮಿಷದ ಫೆರಿ. ಇಳಿದ ಕಡೆ 58 ಮೀಟರ್ ಎತ್ತರದ ಲಿಫ್ಟ್ ಇದೆ, ನೇರ ಅಪ್ಪರ್ ಬರಾಕ್ಕಾ ತೋಟಕ್ಕೆ ಎತ್ತಿ ಬಿಡುತ್ತದೆ. ಮಧ್ಯಾಹ್ನ 12ಕ್ಕೆ ಅಲ್ಲಿ ತೋಪು ಹಾರಿಸುತ್ತಾರೆ, ಸ್ವಲ್ಪ ಮುಂಚೆ ಹೋಗಿ ಕಟಕಟೆ ಹಿಡಿದು ನಿಲ್ಲಿ. ಫೆರಿ ಬಿಟ್ಟರೆ ದೈಸಾ ಅನ್ನುವ ಬಣ್ಣದ ಪುಟ್ಟ ದೋಣಿಗಳೂ ಇವೆ. ನೀರಿಗೆ ಅಷ್ಟು ಹತ್ತಿರ ಕೂತು ಆ ಕೋಟೆ ಗೋಡೆಗಳನ್ನು ತಲೆಯೆತ್ತಿ ನೋಡಿದಾಗಲೇ ಅವುಗಳ ಎತ್ತರ ಗೊತ್ತಾಗುವುದು.

ಇಲ್ಲಿನ ಕೊರತೆ? ರಾತ್ರಿ ತಡವಾದರೆ ಫೆರಿ ನಿಂತಿರುತ್ತದೆ, ಟ್ಯಾಕ್ಸಿಯೇ ಗತಿ. ಮರಳಿನ ಬೀಚ್ ಹತ್ತಿರದಲ್ಲಿಲ್ಲ. ಊಟದ ಆಯ್ಕೆ ಸ್ಲೀಮಾದಷ್ಟಿಲ್ಲ.

ಉತ್ತರದ ಮೆಲ್ಲೀಹಾ, ಬುಜಿಬ್ಬಾ ಬೇಗ ಮುಗಿಸುತ್ತೇನೆ. ಚಿಕ್ಕ ಮಕ್ಕಳಿದ್ದು, ಬೀಚೇ ರಜೆ ಅನ್ನುವವರಿಗೆ ಮೆಲ್ಲೀಹಾ. ದೇಶದ ಅತಿ ಉದ್ದದ ಮರಳ ತೀರ ಇಲ್ಲಿನ ಗಾದಿರಾ. ನೀರು ಬಹಳ ದೂರದವರೆಗೆ ಮೊಣಕಾಲು, ಸೊಂಟದ ಆಳವಷ್ಟೇ. ಈಜು ಬಾರದ ಅಮ್ಮನೂ ಧೈರ್ಯವಾಗಿ ಇಳಿಯಬಹುದು. ಗೋಜೋ ಫೆರಿಯೂ ಹತ್ತಿರ. ಬುಜಿಬ್ಬಾ ಅಗ್ಗ, ಆದರೆ ಪ್ಯಾಕೇಜ್ ಪ್ರವಾಸಿಗರ ಊರು, ಅದಕ್ಕೊಂದು ಮುಖ ಅಂತ ಇಲ್ಲ. ಇವೆರಡರಿಂದಲೂ ವಲೆಟ್ಟಾ ನೋಡಲು ದಿನಾ ಹೋಗಿಬರುತ್ತೇವೆ ಅಂದುಕೊಂಡರೆ ಮೂರನೇ ದಿನಕ್ಕೆ ಸಾಕಾಗುತ್ತದೆ.

ಗೋಜೋ: ಹೋಗಿಬರೋದಾ, ಉಳಿಯೋದಾ?

ಮಾಲ್ಟಾ ಪ್ರವಾಸದಲ್ಲಿ ಹೆಚ್ಚು ಜನ ಎಡವುವ ಜಾಗ ಇದು. ಟೂರ್ ಕಂಪನಿಗಳು ಗೋಜೋವನ್ನು ಒಂದು ದಿನದ ತಿಂಡಿಪೊಟ್ಟಣದ ಹಾಗೆ ಮಾರುತ್ತವೆ. ಬೆಳಿಗ್ಗೆ ಫೆರಿ, ಜೀಪು, ನಾಲ್ಕು ಕಡೆ ಇಪ್ಪತ್ತಿಪ್ಪತ್ತು ನಿಮಿಷ, ಬಫೆ, ಸಂಜೆ ವಾಪಸ್. ಹಾಗೆ ಹೋದವರು "ಗೋಜೋದಲ್ಲಿ ಅಂಥದ್ದೇನಿಲ್ಲ" ಅಂತ ಬಂದು ಹೇಳುತ್ತಾರೆ.

ಗೋಜೋ 67 ಚದರ ಕಿ.ಮೀ. ಇದೆ, ಮಾಲ್ಟಾಗಿಂತ ಹಸಿರು, ನಿಧಾನ. ನಡುವೆ ವಿಕ್ಟೋರಿಯಾ ಊರು, ಅದರ ನೆತ್ತಿಯ ಮೇಲೆ ಚಿತಾದೆಲ್ಲಾ ಕೋಟೆ. ಗೋಡೆಯ ಮೇಲೆ ಒಂದು ಸುತ್ತು ನಡೆದರೆ ಇಡೀ ದ್ವೀಪ ಕಾಣುತ್ತದೆ, ಊರಿಗೊಂದು ಗುಮ್ಮಟದ ಚರ್ಚು ಎಣಿಸಬಹುದು. ಶಾರಾ ಊರಿನ ಜಗಾಂತಿಯಾ ದೇವಾಲಯಗಳು ಕ್ರಿ.ಪೂ. 3600ರ ಆಸುಪಾಸಿನವು, ಈಜಿಪ್ಟಿನ ಪಿರಮಿಡ್‌ಗಳಿಗಿಂತ ಹಳೆಯವು. ಉತ್ತರ ತೀರದ ಶ್ವೇನಿಯಲ್ಲಿ ಬಂಡೆಯಲ್ಲೇ ಕೊರೆದ ಉಪ್ಪಿನ ಮಡಿಗಳಿವೆ, ಬೇಸಿಗೆಯಲ್ಲಿ ಇಂದಿಗೂ ಉಪ್ಪು ತೆಗೆಯುತ್ತಾರೆ. ರಮ್ಲಾ ತೀರದ ಮರಳು ಕೆಂಗಂದು ಬಣ್ಣ. ಒಂದು ಎಚ್ಚರಿಕೆ: ಹಳೇ ಪೋಸ್ಟರ್‌ಗಳಲ್ಲಿ ಕಾಣುವ ಕಲ್ಲಿನ ಕಮಾನು, ಅಜ್ಯೂರ್ ವಿಂಡೋ, ಈಗ ಇಲ್ಲ. 2017ರ ಮಾರ್ಚ್ 8ರಂದು ಬಿರುಗಾಳಿಗೆ ಕುಸಿದು ಸಮುದ್ರ ಸೇರಿತು. ಅದರ ಫೋಟೋ ತೋರಿಸಿ ಟೂರ್ ಮಾರುವವರು ಸಿಕ್ಕರೆ ಮುಂದೆ ನಡೆಯಿರಿ. ಕಮಾನು ಹೋದರೂ ದ್ವೆಯ್ರಾ ಜಾಗ ಮಾತ್ರ ನೋಡಲೇಬೇಕಾದ್ದು. ಬಂಡೆಯ ಸುರಂಗದ ಮೂಲಕ ಹೊರ ಸಮುದ್ರಕ್ಕೆ ಸೇರಿಕೊಂಡ ಒಂದು ಕೊಳ ಅಲ್ಲಿದೆ, ದೋಣಿಯವರು ಆ ಸುರಂಗದಲ್ಲೇ ಕರೆದುಕೊಂಡು ಹೋಗುತ್ತಾರೆ.

ಕೊನೆಯ ಡೇ ಟ್ರಿಪ್ ಬಸ್ಸು ಹೋದ ಮೇಲೆ ಗೋಜೋ ಬೇರೆ ಆಗುತ್ತದೆ. ಶ್ಲೆಂದಿ ಕೊಲ್ಲಿಯಲ್ಲಿ ನೀರಿನ ಅಂಚಿಗೇ ಟೇಬಲ್ ಹಾಕುತ್ತಾರೆ. ಹಾಗಾಗಿ ನನ್ನ ಲೆಕ್ಕ: ಐದು ರಾತ್ರಿಗಿಂತ ಕಡಿಮೆ ಇದ್ದರೆ ಬೆಳಿಗ್ಗೆ ಬೇಗ ಹೊರಟು ನೀವೇ ಹೋಗಿಬನ್ನಿ, ಅದಕ್ಕಿಂತ ಜಾಸ್ತಿ ಇದ್ದರೆ ಎರಡು ರಾತ್ರಿ ಅಲ್ಲೇ ಉಳಿಯಿರಿ. ಹೋಟೆಲ್ ಬದಲಿಸುವ ರಗಳೆ ಒಂದು ಮಧ್ಯಾಹ್ನದ್ದು.

ಹೋಗುವ ದಾರಿ ಎರಡು. ಉತ್ತರ ತುದಿಯ ಚಿರ್ಕೆವ್ವಾದಿಂದ ಕಾರು ಸಹಿತ ದೊಡ್ಡ ಫೆರಿ, 25 ನಿಮಿಷ. ಇದಕ್ಕೆ ಹೋಗುವಾಗ ದುಡ್ಡು ಕೇಳುವುದಿಲ್ಲ, ವಾಪಸ್ ಬರುವಾಗ ಗೋಜೋ ಕಡೆಯಲ್ಲಿ ತೆಗೆದುಕೊಳ್ಳುತ್ತಾರೆ. ಇನ್ನೊಂದು ವಲೆಟ್ಟಾದಿಂದಲೇ ಹೊರಡುವ ಫಾಸ್ಟ್ ಫೆರಿ, ಮುಕ್ಕಾಲು ಗಂಟೆ. ವಲೆಟ್ಟಾ ಅಥವಾ ಬಿರ್ಗು ಕಡೆ ಉಳಿದವರು ಎರಡನೆಯದನ್ನೇ ಹಿಡಿಯಿರಿ, ಚಿರ್ಕೆವ್ವಾವರೆಗಿನ ಬಸ್ ಪ್ರಯಾಣವೇ ಉಳಿಯುತ್ತದೆ. ಗಾಳಿ ಜೋರಿದ್ದ ದಿನ ಫಾಸ್ಟ್ ಫೆರಿ ಮೊದಲು ನಿಲ್ಲುತ್ತದೆ, ದೊಡ್ಡದು ಇನ್ನಷ್ಟು ಹೊತ್ತು ಓಡುತ್ತದೆ.

ಬಸ್ಸೋ, ಕಾರೋ?

ಬಸ್ ಅಗ್ಗ. ಎರಡು ಗಂಟೆ ಓಡುವ ಟಿಕೆಟ್ ಸುಮಾರು 2.50 ಯೂರೋ, ಬ್ಯಾಂಕ್ ಕಾರ್ಡನ್ನೇ ಮೆಷಿನ್‌ಗೆ ತಾಗಿಸಿದರೆ ಸಾಕು. ದಿನಾ ಓಡಾಡುವವರಿಗೆ ವಾರದ ಕಾರ್ಡ್ ಇದೆ. ಬಸ್ ಬಂದಾಗ ಕೈ ಅಡ್ಡ ಹಿಡಿಯಬೇಕು, ಸುಮ್ನೆ ನಿಂತಿದ್ದರೆ ಮುಂದೆ ಹೋಗಿಬಿಡುತ್ತದೆ. ತುಂಬಿದ್ದರೆ ಕೈ ಹಿಡಿದರೂ ನಿಲ್ಲುವುದಿಲ್ಲ. ಇದೇ ನಿಜವಾದ ತೊಂದರೆ. ಹೊರಡುವ ಜಾಗದಲ್ಲಿ ಹತ್ತಿದವರಿಗೆ ಸೀಟು, ಮಧ್ಯದ ಸ್ಟಾಪಿನವರಿಗೆ ಬಿಸಿಲು. ವಲೆಟ್ಟಾದಲ್ಲಿ ಉಳಿಯಿರಿ ಅಂದದ್ದಕ್ಕೆ ಇದೂ ಒಂದು ಕಾರಣ.

ಕಾರು ನಮಗೆ ಒಂದು ವಿಷಯದಲ್ಲಿ ಸುಲಭ. ಮಾಲ್ಟಾ 1964ರವರೆಗೆ ಬ್ರಿಟಿಷರ ಕೈಯಲ್ಲಿತ್ತು, ಹಾಗಾಗಿ ಅಲ್ಲೂ ಎಡಗಡೆ ಓಡಿಸುವುದು, ಸ್ಟೀರಿಂಗ್ ಬಲಕ್ಕೆ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಹೋಗಿ, ಬಾಡಿಗೆ ಕೊಡುವವರು ಕೇಳಬಹುದು. ಆದರೆ ಓಡಿಸೋದು ಕಷ್ಟ ಅಲ್ಲ, ನಿಲ್ಲಿಸೋದು ಕಷ್ಟ. ವಲೆಟ್ಟಾ, ಸ್ಲೀಮಾದಲ್ಲಿ ಪಾರ್ಕಿಂಗ್ ಹುಡುಕುತ್ತಾ ಸುತ್ತುವುದೇ ಒಂದು ಕೆಲಸ. ವಲೆಟ್ಟಾ ಒಳಗೆ ಹೋದರೆ ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿದು ಶುಲ್ಕ ಹಾಕುತ್ತದೆ. ಹಳ್ಳಿ ದಾರಿಯಲ್ಲಿ ಎರಡೂ ಕಡೆ ಕಲ್ಲುಗೋಡೆ, ಎದುರಿಂದ ಬಸ್ ಬಂದರೆ ರಿವರ್ಸ್ ಹೋಗುವವರು ನೀವೇ.

ಹೀಗಾಗಿ ಇಡೀ ವಾರಕ್ಕೆ ಕಾರು ತೆಗೆದುಕೊಳ್ಳಬೇಡಿ. ಮಾಲ್ಟಾದಲ್ಲಿ ದೋಣಿ, ಬಸ್ಸು, ಆತುರ ಇದ್ದಾಗ ಬೋಲ್ಟ್ ಅಥವಾ ಊಬರ್. ನಾಲ್ವರು ಹಂಚಿಕೊಂಡರೆ ಕ್ಯಾಬ್ ಅಂಥ ದುಬಾರಿ ಏನಲ್ಲ. ಗೋಜೋದಲ್ಲಿ ಮಾತ್ರ ಕಾರು ಬೇಕು. ಅಲ್ಲಿನ ಬಸ್ಸುಗಳೆಲ್ಲ ವಿಕ್ಟೋರಿಯಾಕ್ಕೆ ಬಂದು ಹೋಗುತ್ತವೆ, ಹೆಚ್ಚಿನವು ಗಂಟೆಗೊಂದು. ಒಂದು ತಪ್ಪಿದರೆ ಅರ್ಧ ಬೆಳಿಗ್ಗೆ ಹೋಯಿತು. ಗೋಜೋದಲ್ಲೇ ಬಾಡಿಗೆಗೆ ತೆಗೆದುಕೊಂಡರೆ ಫೆರಿಯ ಕಾರು ಸಾಲಿನಲ್ಲಿ ಕಾಯುವುದೂ ತಪ್ಪುತ್ತದೆ.

ಬ್ಲೂ ಲಗೂನ್ ಬೇಕಾ?

ಕೊಮಿನೊದ ಬ್ಲೂ ಲಗೂನ್ ಫೋಟೋ ನೋಡಿಯೇ ಎಷ್ಟೋ ಜನ ಮಾಲ್ಟಾ ಟಿಕೆಟ್ ಮಾಡುತ್ತಾರೆ. ನೀರು ಫೋಟೋದಲ್ಲಿ ಇರುವ ಹಾಗೇ ಇದೆ, ಸುಳ್ಳಲ್ಲ. ಸುಳ್ಳು ಇರುವುದು ಫೋಟೋದಲ್ಲಿ ಜನ ಕಾಣದಿರುವುದು. ಗದ್ದಲ ಮಿತಿಮೀರಿ 2025ರ ಬೇಸಿಗೆಯಿಂದ ಆನ್‌ಲೈನ್‌ನಲ್ಲಿ ಹೊತ್ತು ಕಾಯ್ದಿರಿಸಿಯೇ ಹೋಗಬೇಕು ಅನ್ನುವ ನಿಯಮ ತಂದರು. ನೆರಳು ಇಲ್ಲ, ಕೂರುವ ಜಾಗ ಬಂಡೆ, ತಿಂಡಿ ದುಬಾರಿ. ಮಧ್ಯಾಹ್ನದ ದೋಣಿಯಲ್ಲಿ ಹೋದವರು ಬೈದುಕೊಂಡೇ ಬರುತ್ತಾರೆ. ಮೊದಲ ದೋಣಿ ಹಿಡಿಯಿರಿ, ಇಲ್ಲವೇ ಎಲ್ಲರೂ ವಾಪಸ್ ಹೊರಡುವ ಹೊತ್ತಿಗೆ ಹೋಗಿ.

ಇಲ್ಲವೇ ಬಿಟ್ಟುಬಿಡಿ. ಗೋಜೋದ ಹೊಂಡೊಕ್ ಕೊಲ್ಲಿ ಕೊಮಿನೊದ ಎದುರಿಗೇ ಇದೆ. ನೀರು ಅಷ್ಟೇ ತಿಳಿ, ಜನ ಎಷ್ಟೋ ಕಡಿಮೆ. ಧೈರ್ಯಸ್ಥ ಈಜುಗಾರರಿಗೆ ದಕ್ಷಿಣದ ಮೀನುಗಾರರ ಊರು ಮಾರ್ಸಾಶ್ಲೊಕ್ ಹತ್ತಿರದ ಸೇಂಟ್ ಪೀಟರ್ಸ್ ಪೂಲ್. ಅಲ್ಲಿ ಬಂಡೆಯಿಂದ ನೀರಿಗೆ ಜಿಗಿಯುತ್ತಾರೆ, ಈಜು ಬಾರದವರಿಗೆ ಅದು ಜಾಗವಲ್ಲ.

ಯಾವ ಕಡಲಿಗೆ ಹೋಗುವುದು ಅಂತ ಹಿಂದಿನ ರಾತ್ರಿ ಗಾಳಿ ನೋಡಿ ತೀರ್ಮಾನ ಮಾಡಿ. ಅಲ್ಲಿ ಹೆಚ್ಚಾಗಿ ಬೀಸುವುದು ವಾಯವ್ಯದ ಗಾಳಿ. ಆ ದಿನ ಪಶ್ಚಿಮದ ಗೋಲ್ಡನ್ ಬೇ ಕಡೆ ಅಲೆ ಏಳುತ್ತವೆ, ಆಗ್ನೇಯದ ತೀರ ಶಾಂತ ಇರುತ್ತದೆ. ಕೆಂಪು ಬಾವುಟ ಹಾರುತ್ತಿದ್ದರೆ ನೀರು ಎಷ್ಟೇ ಕರೆದರೂ ಇಳಿಯಬೇಡಿ.

ಒಂದೇ ದೇವಾಲಯ ನೋಡುವುದಾದರೆ

ಹಾಜಾರ್ ಈಮ್, ಇಮ್ನೈದ್ರಾ ಅನ್ನುವ ಪುರಾತನ ಕಲ್ಲಿನ ದೇವಾಲಯಗಳು ಎರಡೂ ದಕ್ಷಿಣದ ಕಡಲಂಚಿನ ಬಯಲಲ್ಲಿ, ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಕಲ್ಲುಗಳಿಗೆ ಮಳೆಬಿಸಿಲು ತಾಗದಂತೆ ದೊಡ್ಡ ಚಪ್ಪರ ಹಾಕಿದ್ದಾರೆ. ಗೋಜೋಗೆ ಹೇಗೂ ಹೋಗುವವರು ಜಗಾಂತಿಯಾ ನೋಡಿ ಇವನ್ನು ಬಿಟ್ಟರೂ ನಷ್ಟ ಇಲ್ಲ.

ಬಿಡಬಾರದ್ದು ಪಾವ್ಲಾ ಊರಿನ ಹಾಲ್ ಸಾಫ್ಲಿಯೆನಿ ಹೈಪೊಜಿಯಂ. 1902ರಲ್ಲಿ ಮನೆ ಕಟ್ಟಲು ಅಗೆಯುವಾಗ ಸಿಕ್ಕ ನೆಲದಡಿಯ ಸಮಾಧಿ ಗುಹೆಗಳು, ಸುಣ್ಣಕಲ್ಲಲ್ಲಿ ಮೂರು ಹಂತವಾಗಿ ಕೊರೆದದ್ದು. ಮೇಲಿನ ದೇವಾಲಯಗಳ ಕಂಬ, ಬಾಗಿಲವಾಡದಂತೆಯೇ ಇಲ್ಲೂ ಬಂಡೆಯಲ್ಲಿ ಕೆತ್ತಿದ್ದಾರೆ. ಚಾವಣಿಯಲ್ಲಿ ಕಾವಿಯ ಸುರುಳಿ ಚಿತ್ತಾರ ಇನ್ನೂ ಉಳಿದಿದೆ. ಉಸಿರಿನ ತೇವಕ್ಕೆ ಹಾಳಾಗುತ್ತದೆ ಅಂತ ಗಂಟೆಗೆ ಹತ್ತು ಜನರನ್ನು ಮಾತ್ರ ಬಿಡುತ್ತಾರೆ. ಹಾಗಾಗಿ ವಿಮಾನದ ಟಿಕೆಟ್ ಆದ ದಿನವೇ ಇದನ್ನೂ ಬುಕ್ ಮಾಡಿ. ಹೋಗಿ ನೋಡೋಣ ಅಂದರೆ ಸಿಗುವುದಿಲ್ಲ. ಚಿಕ್ಕ ಮಕ್ಕಳಿಗೆ ಪ್ರವೇಶ ಇಲ್ಲ, ಒಳಗೆ ಫೋಟೋ ತೆಗೆಯುವಂತಿಲ್ಲ. ಇಲ್ಲಿ ಸಿಕ್ಕ ಮಲಗಿದ ಹೆಂಗಸಿನ ಪುಟ್ಟ ಮಣ್ಣಿನ ಬೊಂಬೆ ವಲೆಟ್ಟಾದ ಪ್ರಾಚ್ಯವಸ್ತು ಸಂಗ್ರಹಾಲಯದಲ್ಲಿದೆ. ಗುಹೆಯ ಟಿಕೆಟ್ ಸಿಗದವರು ಅದನ್ನಾದರೂ ನೋಡಿ.

ಸಸ್ಯಾಹಾರಿಗಳು ಏನು ತಿನ್ನೋದು?

ಮೊಲದ ಸಾರು ಅಲ್ಲಿನ ಹೆಮ್ಮೆಯ ಅಡುಗೆ, ಮೀನು ಎಲ್ಲೆಲ್ಲೂ. ಹಾಗಂತ ಹೆದರಬೇಕಾಗಿಲ್ಲ. ಪಸ್ತಿತ್ಸಿ ಅಂತ ಸಿಗುತ್ತದೆ, ನಮ್ಮ ಅಯ್ಯಂಗಾರ್ ಬೇಕರಿ ಪಫ್‌ನ ದಾಯಾದಿ. ಒಳಗೆ ರಿಕೊತ್ತಾ ಚೀಸ್ ಅಥವಾ ಬಟಾಣಿ ಹೂರಣ. ಕೈಗೆ ಬಿಸಿ ತಾಗುವಾಗಲೇ ಕಾಗದದಲ್ಲಿ ಸುತ್ತಿ ಕೊಡುತ್ತಾರೆ, ಕಚ್ಚಿದರೆ ಅಂಗಿ ತುಂಬ ಪುಡಿ. ಬೆಲೆಯೂ ಬಹಳ ಕಡಿಮೆ. ಹಿಟ್ಟಿಗೆ ಕೆಲವು ಕಡೆ ಪ್ರಾಣಿಜನ್ಯ ಕೊಬ್ಬು ಹಾಕುತ್ತಾರೆ, ಕಟ್ಟುನಿಟ್ಟಿನವರು ಕೇಳಿಯೇ ತಿನ್ನಿ. ಅವರೆಯ ಜಾತಿಯ ಒಂದು ಕಾಳನ್ನು ಬೆಳ್ಳುಳ್ಳಿ ಹಾಕಿ ಅರೆದ ಬಿಗಿಲ್ಲಾ, ಬದನೆ ಟೊಮೆಟೊದ ಕಪುನಾತಾ, ಖರ್ಜೂರ ತುಂಬಿ ಕರಿದ ಇಮ್ಕಾರೆತ್, ಎಲ್ಲ ನಮ್ಮ ನಾಲಗೆಗೆ ಒಗ್ಗುತ್ತವೆ. ಟೊಮೆಟೊ ಉಜ್ಜಿದ ಬ್ರೆಡ್ಡು ಕೇಳುವಾಗ "ಟ್ಯೂನಾ ಬೇಡ" ಅಂತ ಮರೆಯದೆ ಹೇಳಿ. ಇಂಗ್ಲಿಷ್ ಅಧಿಕೃತ ಭಾಷೆಗಳಲ್ಲಿ ಒಂದು, ಹಾಗಾಗಿ ಇದನ್ನೆಲ್ಲ ವಿವರಿಸೋದು ಕಷ್ಟ ಅಲ್ಲ. ಎಷ್ಟೋ ಸಲ ಬಸ್ ಓಡಿಸುವವರು, ಬಡಿಸುವವರು ನಮ್ಮ ದೇಶದವರೇ ಆಗಿರುತ್ತಾರೆ.

ಮೂರು ಹೊತ್ತೂ ಅನ್ನ ಬೇಕು ಅನ್ನುವ ಹಿರಿಯರು ಜೊತೆಗಿದ್ದರೆ ಹೋಟೆಲ್ ಬದಲು ಅಡುಗೆಮನೆ ಇರುವ ಫ್ಲ್ಯಾಟ್ ತೆಗೆದುಕೊಳ್ಳಿ. ಅಕ್ಕಿ, ಮೊಸರು, ತರಕಾರಿ ಎಲ್ಲ ಸಿಗುತ್ತದೆ. ಚಟ್ನಿಪುಡಿ ನಿಮ್ಮ ಚೀಲದಲ್ಲಿ ಇದ್ದೇ ಇರುತ್ತದೆ, ಅಲ್ವಾ? ಪ್ಲಗ್ ಮಾತ್ರ ಲಂಡನ್, ದುಬೈಯಲ್ಲಿ ಬಳಸುವ ಚಪ್ಪಟೆ ಮೂರು ಪಿನ್ನಿನದ್ದು, ಅಡಾಪ್ಟರ್ ಇಲ್ಲಿಂದಲೇ ಕೊಂಡುಹೋಗಿ.

ಯಾರಿಗೆ ಯಾವುದು

ಗಂಡ ಹೆಂಡತಿ ಇಬ್ಬರೇ, ನಡೆಯುವ ಹುಮ್ಮಸ್ಸು ಇದೆ: ಬಿರ್ಗುವಿನಲ್ಲಿ ನಾಲ್ಕು ರಾತ್ರಿ, ಗೋಜೋದಲ್ಲಿ ಎರಡು. ಶಾಲೆಗೆ ಹೋಗುವ ಮಕ್ಕಳು ಜೊತೆಗೆ: ವಲೆಟ್ಟಾ ಅಥವಾ ಸ್ಲೀಮಾದಲ್ಲಿ ಮೂರು, ಆಮೇಲೆ ಮೆಲ್ಲೀಹಾದಲ್ಲಿ ಮೂರು, ಗೋಜೋಗೆ ಅಲ್ಲಿಂದ ಒಂದು ದಿನ. ಅಪ್ಪ ಅಮ್ಮ ಜೊತೆಗೆ: ಸ್ಲೀಮಾ, ಫೆರಿ ಹತ್ತಿರ, ಲಿಫ್ಟ್ ಇರುವ ಫ್ಲ್ಯಾಟ್. ನಾನು ಅಷ್ಟು ಬೈದ ಸ್ಲೀಮಾವೇ ಇಲ್ಲಿ ಗೆಲ್ಲುತ್ತದೆ, ಏಕೆಂದರೆ ಸಪಾಟು ಕಾಲುದಾರಿ ಆ ದೇಶದಲ್ಲಿ ಅಪರೂಪ. ಹುಡುಗರ ಗುಂಪಿಗೆ ಸಲಹೆ ಬೇಕಾಗಿಲ್ಲ, ಅವರು ಸೇಂಟ್ ಜೂಲಿಯನ್ಸ್ ಬುಕ್ ಮಾಡಿ ಆಗಿರುತ್ತದೆ.

ಯಾರೇ ಆಗಲಿ, ಒಂದು ಸಂಜೆ ಇಮ್ದೀನಾಗೆ ಇಡಿ. ಹಳೇ ರಾಜಧಾನಿ ಅದು, ಕೋಟೆಯೊಳಗಿನ ಪುಟ್ಟ ಊರು. ಹಗಲಲ್ಲಿ ಟೂರ್ ಬಸ್ಸುಗಳ ಜಂಗುಳಿ, ದೀಪ ಹಚ್ಚುವ ಹೊತ್ತಿಗೆ ನಿಮ್ಮ ಹೆಜ್ಜೆ ನಿಮಗೇ ಕೇಳಿಸುತ್ತದೆ. ಮಾರ್ಸಾಶ್ಲೊಕ್‌ಗೆ ಭಾನುವಾರ ಹೋದರೆ ದೊಡ್ಡ ಮೀನು ಸಂತೆ, ಬೇರೆ ದಿನ ಹೋದರೆ ಮೂತಿಯ ಮೇಲೆ ಕಣ್ಣು ಬರೆದ ಲುತ್ಸು ದೋಣಿಗಳನ್ನು ನಿಧಾನವಾಗಿ ನೋಡಬಹುದು. ಮೀನಿನ ವಾಸನೆ ಆಗದವರು ಎರಡನೆಯದು ಆರಿಸಿ.

ವೀಸಾ, ಮತ್ತು ಸಿಸಿಲಿಯ ಆಸೆ

ಮಾಲ್ಟಾ ಷೆಂಗೆನ್ ದೇಶ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪಿನದ್ದು. ನಾಣ್ಯ ಯೂರೋ. ವೀಸಾ ಶುಲ್ಕ ದೊಡ್ಡವರಿಗೆ 90 ಯೂರೋ, ಜೊತೆಗೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಎರಡು ಮೂರು ತಿಂಗಳ ಮುಂಚೆಯಾದರೂ ಹಾಕಿಬಿಡಿ. ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ಕೊಲ್ಲಿ ದೇಶ, ಇಸ್ತಾಂಬುಲ್ ಅಥವಾ ಯುರೋಪಿನ ಯಾವುದಾದರೂ ಊರಲ್ಲಿ ಇಳಿದು ಹತ್ತಬೇಕು.

ಅಷ್ಟು ದೂರ ಹೋದ ಮೇಲೆ ಸಿಸಿಲಿಯನ್ನೂ ಸೇರಿಸೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ವಲೆಟ್ಟಾದಿಂದ ಪೊಟ್ಸಾಲ್ಲೊ ಬಂದರಿಗೆ ಕ್ಯಾಟಮರಾನ್ ಹಡಗು ಎರಡು ಗಂಟೆಯೊಳಗೆ ಮುಟ್ಟಿಸುತ್ತದೆ. ಎರಡೂ ಷೆಂಗೆನ್, ಬೇರೆ ವೀಸಾ ಬೇಡ. ಒಂದೇ ದಿನದಲ್ಲಿ ಎಟ್ನಾ ಜ್ವಾಲಾಮುಖಿ ತೋರಿಸಿ ವಾಪಸ್ ತರುವ ಟೂರ್‌ಗಳೂ ಇವೆ. ನಸುಕಿಗೆ ಎದ್ದು ನಡುರಾತ್ರಿ ಬರುವ ಕಸರತ್ತು ಅದು, ಸಮುದ್ರ ಕೆಟ್ಟಿದ್ದರೆ ವಾಂತಿಯ ಕಾಟ ಬೇರೆ. ಒಂದು ವಾರ ಮಾತ್ರ ಇದ್ದರೆ ಸಿಸಿಲಿ ಬಿಡಿ. ಹತ್ತು ಹನ್ನೆರಡು ದಿನ ಇದ್ದರೆ ಕತಾನಿಯಾ ಕಡೆ ನಾಲ್ಕು ರಾತ್ರಿ ಹಾಕಿ, ವಾಪಸ್ ವಿಮಾನ ಅಲ್ಲಿಂದಲೇ ಹಿಡಿಯಿರಿ. ಅರ್ಜಿ ಹಾಕುವಾಗ ಮಾತ್ರ ರಾತ್ರಿಗಳನ್ನು ಸರಿಯಾಗಿ ಎಣಿಸಿ: ಯಾವ ದೇಶದಲ್ಲಿ ಹೆಚ್ಚು ದಿನವೋ ಅದೇ ದೇಶದ ವೀಸಾ ಕೇಳಬೇಕು.